ಪಾಡ್ಯದ ದಿನದ ಕ್ಲಾಸು

ಬಲಿಪಾಡ್ಯಮಿಯ ರಜೆಯಲ್ಲೂ ಆನ್‌ಲೈನ್ ಕ್ಲಾಸಂತೆ! ಮಗಳ ಶಾಲೆಯ ಮೆಸೇಜು ಓದಿ ಮೈಯೆಲ್ಲ ಉರಿಯುತ್ತಿದೆ. ಬೆರಳಿಗಂಟಿದ ಚೆಂಡುಹೂವಿನ ವಾಸನೆಯಲ್ಲಿ ಬಾರ್ಕೂರಿನ ಅಮ್ಮಮ್ಮ ನೆನಪಾಗುತ್ತಿದ್ದಾಳೆ.

ನಾನು ಏಳನೇ ತರಗತಿಯಲ್ಲಿದ್ದ ವರ್ಷ ಮಾಸ್ತರರು ಪಾಡ್ಯದ ದಿನವೇ ನಮ್ಮನ್ನು ಲೆಕ್ಕ ಮಾಡಿಸಲು ಕರೆಸಿದ್ದರು. ಮಧ್ಯಾಹ್ನವಾದರೂ ಬಿಡಲಿಲ್ಲ. ಮೀಯಿಸಿದ ಎತ್ತುಗಳ ಮೈಮೇಲೆ ಜೇಡಿಮಣ್ಣಿನ ಬಿಳಿ ಮುದ್ರೆ ಒತ್ತುತ್ತಿದ್ದ ಅಮ್ಮಮ್ಮ, ಕೈಯನ್ನೂ ತೊಳೆಯದೆ ಶಾಲೆಗೆ ಬಂದು ಬಾಗಿಲಲ್ಲಿ ನಿಂತಳು.

“ಹ್ವಾಯ್ ಮಾಸ್ಟ್ರೇ, ಇವತ್ತ್ ಎತ್ತಿನ್ ಕುತ್ತಿಗಿಗೂ ನೊಗ ಇಲ್ಲ. ಈ ಮಕ್ಳ್ ಕುತ್ತಿಗಿಗ್ ಎಂತಕ್ ಹಾಕ್ತ್ರಿ?”

“ಪರೀಕ್ಷಿ ಹತ್ರ ಬಂತಲೆ ಅಮ್ಮಾ,” ಎಂದರು ಮಾಸ್ತರರು.

“ಬರ್ಲಿ. ಹೋದ್ ಹಬ್ಬ ನಾಳಿಗ್ ತಿರ್ಗಿ ಬತ್ತಾ?”

ಮಾಸ್ತರರು ಸೀಮೆಸುಣ್ಣ ಕೆಳಗಿಟ್ಟರು. ನಾವು ಹೋ ಎಂದು ಓಡಿದೆವು. ಅಮ್ಮಮ್ಮ ಮಾತ್ರ ಕದಲಲಿಲ್ಲ.

“ನೀವೂ ಹೊರ್ಡಿ. ನಿಮ್ಮನಿ ಮಕ್ಳೂ ಕಾಯ್ಕಂಡ್ ಇರ್ತೊ,” ಎಂದು, ಅವರು ಶಾಲೆಗೆ ಬೀಗ ಹಾಕುವವರೆಗೂ ಅಲ್ಲೇ ನಿಂತಿದ್ದಳು.