ತಿದ್ದಿದ ಅಳತೆ

ಮುಟ್ಟಿದವರ ಮಾತನ್ನು ಕಾಗದ ಮರೆಯುತ್ತಿರಲಿಲ್ಲ; ಬರಿಗೈ ತಾಗಿದರೆ ಅದನ್ನು ಹೇಳಿಬಿಡುತ್ತಿತ್ತು. ಹಾಗಾಗಿ ವಿಮಾನ ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಎಲ್ಲರೂ ಕೈಗವಸು ಹಾಕಿಕೊಂಡೇ ಕೆಲಸ ಮಾಡುತ್ತಿದ್ದರು. ಆಯುಧಪೂಜೆಯ ದಿನ ಮಾತ್ರ ಅದನ್ನು ಕಳಚುತ್ತಿದ್ದರು. ಗವಸು ಹಾಕಿದ ಕೈಯಲ್ಲಿ ಕುಂಕುಮ ಇಡುವುದುಂಟೇ?

ಪಂಕಜಾಕ್ಷಿಯ ಮೇಜಿನ ಮೇಲಿದ್ದದ್ದು ಯುದ್ಧದಲ್ಲಿ ಸೋತ ಜರ್ಮನರಿಂದ ವಶಪಡಿಸಿಕೊಂಡ ಜೆಟ್ ಫೈಟರ್‌ನ ರೆಕ್ಕೆಯ ನಕ್ಷೆ. ಅದರಲ್ಲಿದ್ದ ತಪ್ಪು ಅಳತೆಯೊಂದು ದೊಡ್ಡ ಇಂಜಿನಿಯರುಗಳ ಕಣ್ಣಿಗೂ ಬಿದ್ದಿರಲಿಲ್ಲ. ಆರು ತಿಂಗಳ ಹಿಂದೆ ಅವಳು ಅದನ್ನು ಹಿಡಿದು ತಿದ್ದಿದ್ದಳು. ಅಂದಿನಿಂದ ಅವಳ ಕಾಲು ನೆಲದ ಮೇಲಿರಲಿಲ್ಲ.

"ಮೊದಲ ಕುಂಕುಮ ನಮ್ಮ ಪಂಕಜಾದೇ. ಇಡಮ್ಮ, ನಿನ್ನ ಫೈಟರ್ರು ನಾಳಿದ್ದು ಹಾರತ್ತೆ," ಅಂದರು ಮುಖ್ಯಸ್ಥ ಶೇಷಗಿರಿರಾಯರು.

ಅವಳು ನಕ್ಷೆಯ ಮೇಲೆ ಕುಂಕುಮದ ಬೆರಳಿಟ್ಟಳು. ಯಾವ ಭಾಷೆಯ ಮಾತಾದರೂ ಬೆರಳಿಗೆ ಅರ್ಥವಾಗುತ್ತಿತ್ತು. ಜರ್ಮನರು ಸುರಂಗದಲ್ಲಿಟ್ಟು ದುಡಿಸಿಕೊಂಡ ಕೈದಿಯೊಬ್ಬ ಕಾಗದದೊಳಗಿಂದ ಪಿಸುಗುಟ್ಟಿದ: "ಅಳತೆಯನ್ನು ಬೇಕಂತಲೇ ತಪ್ಪಾಗಿ ಬರೆದಿದ್ದೇನೆ. ಗೊತ್ತಾದರೆ ನನ್ನನ್ನು ಕೊಲ್ಲುತ್ತಾರೆ. ಆದರೂ ಈ ವಿಮಾನ ಯಾರ ಮನೆಯ ಮೇಲೂ ಹಾರಬಾರದು."

ಪಂಕಜಾಕ್ಷಿ ತಾನು ತಿದ್ದಿದ ಅಳತೆಯನ್ನೇ ನೋಡಿದಳು.

"ಏನಂತೇ ಕಾಗದ? ಒಬ್ಬಳೇ ಕೇಳಿಸ್ಕೊಂಡ್ರೆ ಹೇಗೆ, ನಮಗೂ ಹೇಳೇ!" ಪಕ್ಕದ ಮೇಜಿನ ಫಿಲೋಮಿನಾ ಮೊಣಕೈಯಲ್ಲಿ ತಿವಿದಳು.

ಎಲ್ಲರೂ ಇವಳನ್ನೇ ನೋಡುತ್ತಿದ್ದರು, ಅಷ್ಟೂ ಜನರ ಮುಖದಲ್ಲಿ ಮೆಚ್ಚುಗೆ.

"ಚೆನ್ನಾಗಿ ತಿದ್ದಿದೀಯ ಅಂತು," ಅಂದಳು.

ಚಪ್ಪಾಳೆ ಬಿತ್ತು. ರಾಯರು ಮೈಸೂರುಪಾಕಿನ ದೊಡ್ಡ ತುಂಡನ್ನೇ ಆರಿಸಿ ಕೊಟ್ಟರು. ಪೂಜೆಯ ದಿನ ಸಂಜೆಯ ತನಕ ಯಾರೂ ಗವಸು ಹಾಕುವುದಿಲ್ಲ. ಪಂಕಜಾಕ್ಷಿ ಮಾತ್ರ ಆ ತುಂಡನ್ನು ಮೇಜಿನ ಮೇಲಿಟ್ಟು, ಕುಂಕುಮದ ಬೆರಳನ್ನು ಒರೆಸಿಕೊಳ್ಳದೆಯೇ, ಗವಸನ್ನು ಮಣಿಕಟ್ಟಿನವರೆಗೂ ಎಳೆದುಕೊಂಡಳು.