ಬೇಕರಿ ವ್ಯಾನಿನ ಗೆಳತಿಯರು

ಹೊರಗೆ ಕಾರಿನ ಬಾಗಿಲು ಮುಚ್ಚಿದ ಸದ್ದಿಗೆ ನಜೀಬ್ ಕ್ಯಾಸೆಟ್ಟನ್ನು ಅಂಗಿಯ ಜೇಬಿಗೆ ತುರುಕಿದ. ಜಯಾ ಬಂದೇಬಿಟ್ಟಿದ್ದಳು, ಟ್ರಾಯ್‌ನಿಂದ ನಜೀಬನ ನೇಪರ್‌ವಿಲ್ ಮನೆವರೆಗೆ ಮುನ್ನೂರು ಮೈಲಿ ಒಬ್ಬಳೇ ಡ್ರೈವ್ ಮಾಡಿಕೊಂಡು.

“ಟೀ ಆಮೇಲೆ, ನಜೀಬ್ ಭಾಯ್. ಗುಲ್‌ಶನ್ ಹೋಗಿ ವರ್ಷ ಆಯ್ತು. ಮೊದಲು ಅವಳ ಧ್ವನಿ ಕೇಳಿಸಿ.”

ತೊಂಬತ್ತೇಳರಲ್ಲಿ, ಆಬರ್ನ್ ಹಿಲ್ಸ್‌ನಲ್ಲಿ ಅಕ್ಕಪಕ್ಕ ಇದ್ದಾಗ, ಜಯಾ ಮತ್ತು ನಜೀಬನ ಹೆಂಡತಿ ಗುಲ್‌ಶನ್ ಹಳೆ ಸಾಮಾನಿನ ಗರಾಜ್ ಸೇಲಿನಿಂದ ಒಂದು ಫ್ರೆಂಚ್ ಹಾಸ್ಯಚಿತ್ರದ ವಿಡಿಯೊ ಟೇಪು ತಂದಿದ್ದರು. ಇಬ್ಬರು ಗೆಳತಿಯರು ಬೇಕರಿ ವ್ಯಾನ್ ಕದ್ದು ಸಮುದ್ರ ನೋಡಲು ಹೋಗುವ ಕಥೆ. ಫ್ರೆಂಚ್ ಯಾರಿಗೆ ಬರುತ್ತಿತ್ತು? ಗುಲ್‌ಶನ್ ಟಿವಿಯ ಬಾಯಿ ಮುಚ್ಚಿಸಿ, ಎಲ್ಲರ ಮಾತನ್ನೂ ಹುಬ್ಬಳ್ಳಿ ಕನ್ನಡದಲ್ಲಿ ತಾನೇ ಆಡಿ, ಆಡಿಯೊ ಕ್ಯಾಸೆಟ್ಟಿಗೆ ತುಂಬಿದ್ದಳು. ಅದನ್ನು ಹಾಕಿಕೊಂಡು ಸಿನಿಮಾ ನೋಡುವಾಗೆಲ್ಲ ಆರು ವರ್ಷದ ಮಗಳು ಯುಸ್ರಾ ಅವಳ ತೊಡೆಯ ಮೇಲಿರುತ್ತಿದ್ದಳು.

ಕ್ಯಾಸೆಟ್ಟಿನ ಮೇಲೆ ಹೆಸರು ಬರೆದದ್ದೂ ಕನ್ನಡದಲ್ಲೇ. ಉರ್ದು ಶಾಲೆಯಲ್ಲಿ ಓದಿದ ನಜೀಬನಿಗೆ ಕನ್ನಡದ ಮಾತು ಬರುತ್ತದೆ, ಅಕ್ಷರ ಬಾರದು. ಹೆಂಡತಿ ತೀರಿಕೊಂಡ ನಲವತ್ತನೆಯ ದಿನದ ದುವಾ ರೆಕಾರ್ಡ್ ಮಾಡಲು ಕೈಗೆ ಸಿಕ್ಕಿದ್ದು ಅದೇ. ಅವಳಿಗಾಗಿ ಬೇಡಿಕೊಂಡ ಪ್ರಾರ್ಥನೆಯೇ ಅವಳ ಧ್ವನಿಯನ್ನು ಅಳಿಸಿಹಾಕಿತ್ತು. ಅವನು ಯಾರಿಗೂ ಹೇಳಿರಲಿಲ್ಲ.

“ಐ ವಿಲ್ ಸೆಟ್ ಇಟ್ ಅಪ್, ಅಬ್ಬಾ,” ಎಂದಳು ಯುಸ್ರಾ. ಈಗ ಹದಿನಾರು. ಅಮ್ಮ ಕನ್ನಡದಲ್ಲಿ ಏನೇ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುತ್ತಿದ್ದ ಮಗಳು. ಅಪ್ಪನ ಜೇಬನ್ನೊಮ್ಮೆ ನೋಡಿ, ಜಯಾಳ ಕೈ ಹಿಡಿದು ಬೇಸ್‌ಮೆಂಟಿಗೆ ಇಳಿದಳು.

ಟೀ ಕುದಿಯಿತು. ಈಗ ಹೇಳಿಬಿಡಬೇಕು. ನಜೀಬ್ ಟ್ರೇ ಎತ್ತಿಕೊಂಡ.

ಕತ್ತಲ ಮೆಟ್ಟಿಲು ಅರ್ಧ ಇಳಿದಾಗ ಅವನ ಕಾಲು ನಿಂತಿತು.

“ಯವ್ವಾ, ಬ್ರೇಕ್ ಒತ್ತು ಅಂದ್ರ ಹಾರನ್ ಒತ್ತತೀಯಲ್ಲ! ಹೋಗು, ಪೊಲೀಸಪ್ಪಗ ಒಂದು ಬನ್ನು ಕೊಟ್ಟು ಬಾ!”

ಗುಲ್‌ಶನ್. ಅದೇ ರಾಗ, ಮಾತಿನ ತುದಿಗೆ ಅದೇ ಗೊರಕೆಯಂಥ ನಗು. ಜಯಾ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ನಜೀಬ್ ಜೇಬು ಮುಟ್ಟಿ ನೋಡಿಕೊಂಡ. ಕ್ಯಾಸೆಟ್ ಅಲ್ಲೇ ಇತ್ತು. ಒಂದೇ ಕೈಯಲ್ಲಿದ್ದ ಟ್ರೇ ವಾಲಿ ಕಪ್ಪುಗಳು ಕಿಣಿಗುಟ್ಟಿದವು.

ಕೆಳಗೆ ಧ್ವನಿ ತಟ್ಟನೆ ನಿಂತಿತು. ಆಮೇಲೆ, ಮೆಲ್ಲಗೆ, ಅದೇ ಧ್ವನಿಯಲ್ಲಿ, ಸಿನಿಮಾದಲ್ಲಿ ಎಲ್ಲೂ ಇಲ್ಲದ ಮಾತು ಕೇಳಿಸಿತು.

“ಕತ್ತಲಾಗ ಯಾಕ ನಿಂತೀರಿ? ಚಾ ಆರತೈತಿ. ಏನೂ ಹೇಳೋದು ಬ್ಯಾಡ, ಕೆಳಗ ಬರ್ರಿ, ಅಬ್ಬಾ.”