ಎಂಟನೆಯ ಕೋಟು

ಅನ್ನದಾನಮ್ಮ ಮೇಜಿನ ಅಂಚು ಹಿಡಿದು ಬಗ್ಗಿ ತನ್ನ ಗಂಡನನ್ನು ಹುಡುಕಿದಳು. ಸಿಕ್ಕಿದ. ಹೆಬ್ಬೆರಳಿನಷ್ಟು ಎತ್ತರದ ಮಣ್ಣಿನ ಮನುಷ್ಯ. ಮೈಮೇಲೆ ಅವಳೇ ಹೊಲಿದುಕೊಟ್ಟ, ಹಳಿ ಕೆಲಸದವರು ತೊಡುವ ಕಿತ್ತಳೆ ಬಣ್ಣದ ತೋಳಿಲ್ಲದ ಪುಟ್ಟ ಕೋಟು, ಎಡಗೈಯಲ್ಲಿ ಸುತ್ತಿಗೆ. ತಿಪ್ಪೇಸ್ವಾಮಿ ಎಡಚ. ಅದನ್ನೂ ನೆನಪಿಟ್ಟು ಮಾಡಿದ್ದರು.

ಊರಿನ ಸಮುದಾಯ ಭವನದಲ್ಲಿ ಅವತ್ತು ಕಾಲಿಡಲು ಜಾಗವಿರಲಿಲ್ಲ. ರೈಲ್ವೆ ಕೆಲಸದಿಂದ ನಿವೃತ್ತರಾದರೂ ತಲೆಯಿಂದ ರೈಲು ಇಳಿಯದ ಐದಾರು ಮಂದಿ ಸೇರಿ 'ಹಳಿ ಗೆಳೆಯರ ಬಳಗ' ಕಟ್ಟಿಕೊಂಡು, ಎರಡು ವರ್ಷ ಹೆಂಡಿರ ಬೈಗುಳ ತಿಂದು, ನಾಲ್ಕು ಮೇಜಿನ ತುಂಬ ಒಂದು ರೈಲುದಾರಿ ಮಾಡಿದ್ದರು. ಸ್ಟೇಷನ್ನು, ಗೇಟು, ರಾಯದುರ್ಗದ ಬೆಟ್ಟ, ಹುಣಸೆಮರದ ತಿರುವು. ಹುಲುಗಪ್ಪ ಸ್ವಿಚ್ಚು ಹಿಡಿದು ಕೂತಿದ್ದ. ಆಟಿಕೆ ರೈಲು ಸುತ್ತು ಹೊಡೆಯುತ್ತಿತ್ತು. ಬಂದವರಿಗೆ ವಿವರಿಸುವ ಕೆಲಸ ಸಿದ್ದಬಸಪ್ಪನದು. ಹಿಂದೆ ತಿಪ್ಪೇಸ್ವಾಮಿ, ಹುಲುಗಪ್ಪ ಎಲ್ಲ ಇದ್ದ ಹಳಿ ರಿಪೇರಿ ಗ್ಯಾಂಗಿನ ಮೇಸ್ತ್ರಿ. ಒಂದೇ ಒಂದು ಕಂಬ ಆಚೀಚೆ ಆಗಿದೆ ಎಂದು ತೋರಿಸಿದರೆ ಮೀಸೆ ಬೋಳಿಸುತ್ತೇನೆ ಎಂದು ಬೆಳಗಿನಿಂದ ಸವಾಲು ಹಾಕುತ್ತಿದ್ದ.

"ನೋಡಿದ್ಯಾ ತಂಗೀ? ಹಳಿ ಬದಲಿ ಮಾಡೋ ಕೆಲಸ. ಏಳೂ ಮಂದಿ ಹೆಂಗ ನಿಂತಿದ್ರೋ ಹಂಗ ನಿಲ್ಲಿಸೀನಿ. ಇವ ನಾನು. ಇವ ನಿಮ್ಮವ."

"ಪಕ್ಕದ ಮರದಾಗ ನೀಲಿ ಚೀಲ ಯಾತರದಣ್ಣ?"

"ನೀ ಹೊಲಿದ ಬುತ್ತಿ ಚೀಲ ಅಲ್ಲೇನು! ಜೀನ್ಸ್ ಬಟ್ಟೀದು. ಅವತ್ತ ಮೊದಲನೇ ಸಲ ತಂದಿದ್ದ."

ಅನ್ನದಾನಮ್ಮನ ಕೈ ಮೇಜಿನ ಮೇಲೆ ಹಾಗೇ ನಿಂತಿತು. ಆ ಚೀಲವನ್ನು ಗಂಡ ಒಯ್ದದ್ದು ಒಂದೇ ದಿನ. ಸಂಜೆ ಬುತ್ತಿ ಕಟ್ಟಿದಂತೆಯೇ ಮನೆಗೆ ಬಂತು, ಅವನು ಬರಲಿಲ್ಲ.

"ಅಂದ್ರ ಇದು ಅವತ್ತಿನ ದಿನದ್ದಾ?"

"ಹೌದವ್ವ. ಅವನ ನೆನಪಿಗೆ ಇರ್ಲಿ ಅಂತ ಮಾಡೀನಿ. ಕಣ್ಣು ಮುಚ್ಚಿದ್ರ ಇವತ್ತಿಗೂ ಕಾಣ್ತೈತಿ. ಒಂದು ಕಲ್ಲೂ ಸುಳ್ಳು ಇಟ್ಟಿಲ್ಲ ನಾ."

ಒಂಬತ್ತು ವರ್ಷದ ಹಿಂದೆ ಗಂಡನ ಸಾವಿನ ವಿಚಾರಣೆಯಲ್ಲಿ ಇದೇ ಸಿದ್ದಬಸಪ್ಪ ಕೊಟ್ಟ ಹೇಳಿಕೆ ಅವಳಿಗೆ ಬಾಯಿಪಾಠವಾಗಿತ್ತು. ತಿರುವಿನಲ್ಲಿ ಹುಲುಗಪ್ಪ ಕೆಂಪು ಬಾವುಟ ಹಿಡಿದು ನಿಂತಿದ್ದ, ರೈಲು ಕಂಡ ಕೂಡಲೇ ಸೀಟಿ ಊದಿದ, ಆರು ಮಂದಿ ಸರಿದರು, ತಿಪ್ಪೇಸ್ವಾಮಿ ಸರಿಯಲಿಲ್ಲ, ಬಾಯಿಂದ ಹೆಂಡದ ವಾಸನೆ ಬರುತ್ತಿತ್ತು. ತಿಪ್ಪೇಸ್ವಾಮಿ ಹಬ್ಬಕ್ಕೂ ಹೆಂಡ ಮುಟ್ಟಿದವನಲ್ಲ. ಆದರೂ ಮಗಳನ್ನು ನೋಡಲು ಬಂದ ಎರಡು ಮನೆಯವರು, ಕುಡಿದು ರೈಲಿಗೆ ಸಿಕ್ಕವನ ಮಗಳಂತೆ ಎಂದು ಅಂಗಳದಿಂದಲೇ ವಾಪಸು ಹೋಗಿದ್ದರು. ಅದಕ್ಕಿಂತ ಕೆಟ್ಟದ್ದೆಂದರೆ, ಮೇಸ್ತ್ರಿಯಂಥ ದೊಡ್ಡ ಮನುಷ್ಯ ಯಾಕೆ ಸುಳ್ಳು ಹೇಳುತ್ತಾನೆ ಎಂದು ಒಳಗೊಳಗೇ ಅವಳೂ ಸತ್ತ ಗಂಡನ ಮೇಲೆ ಅನುಮಾನ ಪಟ್ಟಿದ್ದಳು. ಯುಗಾದಿಗೆ ಯುಗಾದಿಗೆ ಈ ಮನುಷ್ಯನ ಕಾಲಿಗೆ ಬಿದ್ದಿದ್ದಳು.

ಅವಳು ಹುಣಸೆಮರದ ತಿರುವಿಗೆ ಕಣ್ಣು ಹಾಯಿಸಿದಳು. ಮರ ಇತ್ತು, ಮೈಲಿಗಲ್ಲು ಇತ್ತು, ಕಲ್ಲಿನ ಮೇಲೆ ಬರೆದ ನಂಬರು ಕೂಡ ಇತ್ತು. ಮನುಷ್ಯ ಇರಲಿಲ್ಲ.

"ಅಣ್ಣಾ, ಝಂಡಾ ಹಿಡಿದವ ಎಲ್ಲಿ?"

"ಯಾ... ಯಾವ ಝಂಡಾ?"

"ತಿರುವಿನ್ಯಾಗ ನಿಂತು ಸೀಟಿ ಊದಿದ ಅಂದಿದ್ರಲ್ಲ, ಅವ. ಗ್ಯಾಂಗಿನ್ಯಾಗ ಎಂಟು ಮಂದಿ. ನೀವು ನನ್ನ ಕಡಿಂದ ಏಳ ಕೋಟು ಹೊಲಿಸಿದ್ರಿ."

ಸಿದ್ದಬಸಪ್ಪ ಹುಲುಗಪ್ಪನ ಕಡೆ ತಿರುಗಿದ. ಎಂಟನೆಯವನು ಅಲ್ಲೇ ಸ್ವಿಚ್ಚು ಹಿಡಿದು ಕೂತಿದ್ದ. ರೈಲು ಗಕ್ಕನೆ ನಿಂತಿತು. "ಯಾಕ್ರೀ ನಿಲ್ಲಿಸಿದ್ರಿ, ಬಿಡ್ರಿ!" ಎಂದು ಹಿಂದಿನವರು ಕೂಗಿದರು. ಹುಲುಗಪ್ಪ ತಲೆ ಎತ್ತದೆ, "ಅವತ್ತ ಮೇಸ್ತ್ರಿ ಹೊಲದಾಗ ಮೋಟ್ರು ಕೆಟ್ಟಿತ್ತು... ಹೋಗಿ ನೋಡಿ ಬಾ ಅಂದ್ರು..." ಎಂದ.

"ಏ ಹುಲುಗಾ, ರೈಲು ಬಿಡಲೇ!" ಸಿದ್ದಬಸಪ್ಪನ ದನಿ ಏರಿತು. ಮರುಗಳಿಗೆಯೇ ಅದಕ್ಕೆ ಬೆಲ್ಲ ಸವರಿಕೊಂಡ. "ತಂಗೀ, ಹೊರಗ ಚಾ ಕೊಡಾಕತ್ತಾರ. ಕುಡದು ಬಾರವ್ವ."

ಅನ್ನದಾನಮ್ಮ ಜಗಲಿಗೆ ಬಂದು ನಿಂತಳು. ಯಾರೋ ಕೈಗೆ ಲೋಟ ಕೊಟ್ಟರು. ಚಹಾ ಆರಿ ಕೆನೆ ಕಟ್ಟಿತು. ಅವಳಿಗೆ ಅಳು ಬರಲಿಲ್ಲ. ಒಂಬತ್ತು ವರ್ಷ ಗಂಡನಿಗೆ ಮನಸ್ಸಿನಲ್ಲೇ ಬೈದದ್ದೆಲ್ಲ ನೆನಪಾಗಿ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಲೋಟ ಹಾಗೇ ಕಟ್ಟೆಯ ಮೇಲಿಟ್ಟು ಒಳಗೆ ಹೋದಳು.

ಹುಣಸೆಮರದ ತಿರುವಿನಲ್ಲಿ ಈಗ ಒಬ್ಬ ನಿಂತಿದ್ದ. ಸ್ಟೇಷನ್ನಿನಲ್ಲಿ ರೈಲಿಗೆ ಕಾಯುತ್ತಿದ್ದ ಪ್ರಯಾಣಿಕನನ್ನು ಕಿತ್ತು ತಂದು ನಿಲ್ಲಿಸಿದ್ದರು. ಬಿಳಿ ಅಂಗಿ, ಕೈಯಲ್ಲಿ ಬೆಂಕಿಕಡ್ಡಿ, ಅದರ ತುದಿಗೆ ಕೆಂಪು ಬಟ್ಟೆಯ ಚೂರು. ಕಾಲ ಬುಡದ ಅಂಟು ಇನ್ನೂ ಆರಿರಲಿಲ್ಲ.

ಸಿದ್ದಬಸಪ್ಪ ಹತ್ತಿರ ಬಂದು ದನಿ ತಗ್ಗಿಸಿದ. "ಅವಸರದಾಗ ಇವನ್ನ ಇಡೋದ ಮರ್ತಿದ್ವಿ ನೋಡು. ನಾಳೆ ದೊಡ್ಡೋರು ಬರ್ತಾರ. ಇವ ಒಬ್ಬ ಬರೇ ಅಂಗಿ ಮ್ಯಾಲೆ ನಿಂತ್ರ ಚೆಂದ ಕಾಣಂಗಿಲ್ಲ. ಇವಗೂ ಒಂದು ಕೋಟು ಹೊಲಿದು ಕೊಡವ್ವ."

ಆಟಿಕೆ ರೈಲು ತಿರುವಿಗೆ ಬರುತ್ತಿತ್ತು. ಅನ್ನದಾನಮ್ಮ ಕೈಚಾಚಿ ಎಡಗೈಯಲ್ಲಿ ಸುತ್ತಿಗೆ ಹಿಡಿದವನನ್ನು ಹಳಿಯಿಂದ ಕಿತ್ತು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

"ಅವತ್ತು ಅಲ್ಲಿ ಇಲ್ಲದವಂದು ನಾ ಹೆಂಗ ಅಳತಿ ತಗೊಳ್ಳಲಣ್ಣ?"